ಸುಗ್ಗಿಯಲ್ಲೇ ಚೀಲ ತುಂಬಿಸಿ: ಕಲಬುರಗಿ ಮನೆಗೊಂದು ವರ್ಷದ ಲೆಕ್ಕ

ಕಲಬುರಗಿಯಲ್ಲಿ ಮನೆ ಖರ್ಚನ್ನು ತಿಂಗಳ ಲೆಕ್ಕದಲ್ಲಿ ಹಿಡಿಯಲು ಹೋದರೆ ಸಿಗೋದಿಲ್ಲ. ಸಂಕ್ರಾಂತಿ ಹೊತ್ತಿಗೆ ಗಂಜಿಗೆ, ಅಂದರೆ ಕಾಳಿನ ಮಾರುಕಟ್ಟೆಗೆ, ಹೊಸ ತೊಗರಿ ಬರುತ್ತದೆ. ಶಿವರಾತ್ರಿ ದಾಟಿದರೆ ಹೊಸ ಬಿಳಿಜೋಳ. ಏಪ್ರಿಲ್‌ಗೆ ಕೂಲರ್, ಜೂನ್‌ಗೆ ಮಕ್ಕಳ ಶಾಲೆ. ಅದಕ್ಕೇ ನಮ್ಮ ಅತ್ತೆಯಂಥವರು ಲೆಕ್ಕವನ್ನು ವರ್ಷಕ್ಕೆ ಹಾಕಿ, ವರ್ಷಕ್ಕಾಗುವಷ್ಟು ಕಾಳನ್ನು ಸುಗ್ಗಿಯಲ್ಲೇ ಕೊಂಡಿಡುತ್ತಿದ್ದರು. ನಾನು ಕಲಿಯೋಕೆ ನಾಲ್ಕು ವರ್ಷ ಹಿಡಿಯಿತು.

ಮೊದಲು ಅಳತೆ

ಒಂದು ವಾರ ಹಿಟ್ಟು, ಬೇಳೆ ತೂಕ ಮಾಡಿ ಬರೆದಿಡಿ. ನಮ್ಮ ಮನೆಯಲ್ಲಿ ನಾಲ್ಕು ಜನ. ದಿನಕ್ಕೆ ಸುಮಾರು 700 ಗ್ರಾಂ ಜೋಳದ ಹಿಟ್ಟು ಬೇಕು. ವರ್ಷಕ್ಕೆ ಎರಡೂವರೆ ಕ್ವಿಂಟಲ್ ಆಯಿತು. ಬೇಳೆ ದಿನಕ್ಕೆ 120 ಗ್ರಾಂ, ವರ್ಷಕ್ಕೆ 44 ಕಿಲೋ. ರೇಷನ್ ಅಕ್ಕಿ ಬರುವ ಮನೆಯಲ್ಲಿ ಇನ್ನೂ ಕಡಿಮೆ ಸಾಕು.

ಆಮೇಲೆ ದುಡ್ಡು

ಒಂದೇ ಸಲ ಅಷ್ಟು ದುಡ್ಡು ಎಲ್ಲಿಂದ ತರೋದು, ಅಲ್ವಾ? ಯುಗಾದಿಯಿಂದಲೇ ಶುರು ಮಾಡಬೇಕು. ಗೃಹಲಕ್ಷ್ಮಿಯ 2,000 ರೂಪಾಯಿ ಬಂದ ತಿಂಗಳು ಅದರಲ್ಲಿ 500 ಎತ್ತಿಟ್ಟರೆ, ಹತ್ತು ಕಂತಿಗೆ 5,000 ಆಗುತ್ತದೆ. ಡಬ್ಬಿಯಲ್ಲಿಟ್ಟರೆ ಉಳಿಯೋದಿಲ್ಲ. ಸಂಘದ ಉಳಿತಾಯಕ್ಕೋ ಬೇರೆ ಖಾತೆಗೋ ಹಾಕಿ. ಸಾಲದಿದ್ದರೆ ಇಬ್ಬರು ಸೇರಿ ಒಂದು ಚೀಲ ತನ್ನಿ. ಆದರೆ ಚೀಲಕ್ಕಾಗಿ ಸಾಲ ಮಾತ್ರ ಮಾಡಬೇಡಿ. ತಿಂಗಳಿಗೆ ನೂರಕ್ಕೆ ಮೂರು ಅಂದರೆ ವರ್ಷಕ್ಕೆ 36 ರೂಪಾಯಿ ಬಡ್ಡಿ. ಜೋಳದಲ್ಲಿ ಅಷ್ಟು ಎಲ್ಲಿ ಉಳಿಯುತ್ತದೆ?

ಖರೀದಿ

ನೆಹರೂ ಗಂಜಿಗೆ ಹೋಗುವ ಮುಂಚೆ ಊರಿನ ಕಡೆ ಹೊಲ ಇರುವ ನೆಂಟರನ್ನು ಕೇಳಿ. ಕಾಳನ್ನು ಬಾಯಿಗೆ ಹಾಕಿ ನೋಡಿಯೇ ಕೊಳ್ಳಿ. "ಹಲ್ಲಾಗ ಕಡಿ, ಕಟ್ ಅಂದ್ರ ತಗೋ, ಮೆತ್ತಗ ಆದ್ರ ಬಿಡು" ಅನ್ನುವುದು ಅತ್ತೆಯ ಪರೀಕ್ಷೆ. ಮೆತ್ತಗಾದರೆ ಒಳಗೆ ತೇವ ಇದೆ ಅಂತ ಅರ್ಥ.

ನಮ್ಮ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ಊರಿನದೇ ಬೆಳೆ ಅನ್ನುವ ಸರ್ಕಾರಿ ಗುರುತು, ಸಿಕ್ಕಿದೆ. ಹಾಗಂತ ಊರವರಿಗೆ ಅಗ್ಗಕ್ಕೇನೂ ಸಿಗೋದಿಲ್ಲ. ಇಡೀ ತೊಗರಿ ತಂದು ಬೇಳೆ ಮಾಡಿಸುವುದು ಲಾಭವೋ ಇಲ್ಲವೋ ಅನ್ನೋಕೆ ಹೀಗೆ ಲೆಕ್ಕ ಹಾಕಿ. ಕ್ವಿಂಟಲ್ ತೊಗರಿಗೆ ಸುಮಾರು 70 ಕಿಲೋ ಬೇಳೆ ಬೀಳುತ್ತದೆ. ತೊಗರಿಯ ದರ, ಗಿರಣಿ ಕೂಲಿ, ಆಟೋ ಬಾಡಿಗೆ ಕೂಡಿಸಿ 70ರಿಂದ ಭಾಗಿಸಿ. ಅಂಗಡಿ ಬೇಳೆಗಿಂತ ಹತ್ತು ರೂಪಾಯಿ ಕೂಡ ಕಡಿಮೆ ಬೀಳದಿದ್ದರೆ ಆ ರಗಳೆ ಬೇಡ, ಬೇಳೆಯನ್ನೇ ತನ್ನಿ.

ಕಾಪಾಡುವುದು

ದುಡ್ಡು ಉಳಿಯೋದೂ ಹೋಗೋದೂ ಇಲ್ಲೇ. ಮೊದಲ ವರ್ಷ ನಾನು ಒಂದು ಚೀಲ ಜೋಳವನ್ನು ಬಿಸಿಲು ತೋರಿಸದೆ ಬಚ್ಚಲ ಗೋಡೆಗೆ ಒರಗಿಸಿಟ್ಟಿದ್ದೆ. ಶ್ರಾವಣದಲ್ಲಿ ಬಾಯಿ ಬಿಚ್ಚಿದರೆ ಕಾಳಿಗಿಂತ ನುಸಿಯೇ ಜಾಸ್ತಿ. ಅರ್ಧ ಚೀಲ ಎಮ್ಮೆಗೆ ಹೋಯಿತು.

ಈಗ ಮಾಳಿಗೆ ಮೇಲೆ ಎರಡು ಮೂರು ದಿನ ಕಡಕ್ ಬಿಸಿಲಿಗೆ ಹರವುತ್ತೇನೆ. ಬಿಸಿ ಇದ್ದಾಗಲೇ ತುಂಬಬಾರದು, ಒಳಗೆ ಬೆವರುತ್ತದೆ. ಪೂರ್ತಿ ಆರಿದ ಮೇಲೆ ತಗಡಿನ ಡಬ್ಬಿಗೆ ಹಾಕಿ, ನಡುನಡುವೆ ನೆರಳಲ್ಲಿ ಒಣಗಿಸಿದ ಬೇವಿನ ಸೊಪ್ಪು ಇಡಿ. ಡಬ್ಬಿ ಹಲಗೆ ಮೇಲಿರಲಿ, ಗೋಡೆಗೆ ತಾಗದಿರಲಿ. ಬೇಳೆಗೆ ಕಿಲೋಗೆ ಒಂದು ಸಣ್ಣ ಚಮಚ ಔಡಲ ಎಣ್ಣೆ (ಹರಳೆಣ್ಣೆ) ಸವರಿ. ಅಡುಗೆಗೆ ಮುಂಚೆ ತೊಳೆದರೆ ವಾಸನೆ ಬರೋದಿಲ್ಲ. ಮಳೆಗಾಲದಲ್ಲಿ ಬಿಸಿಲು ಬಿದ್ದ ದಿನ ಒಮ್ಮೆ ತೆಗೆದು ನೋಡಿ.

ಹಿಟ್ಟನ್ನು ಮಾತ್ರ ಹತ್ತು ಹದಿನೈದು ದಿನಕ್ಕೆ ಆಗುವಷ್ಟೇ ಬೀಸಿಸಿ. ಹಳೇ ಹಿಟ್ಟಿನ ಜಿಗಿ ಹೋಗುತ್ತದೆ, ರೊಟ್ಟಿ ಬಡಿಯುವಾಗ ಒಡೆಯುತ್ತದೆ.

ಒಲೆ ಮತ್ತು ಪಲ್ಯ

ಬೇಳೆಯನ್ನು ಅರ್ಧ ಗಂಟೆ ನೆನೆಸಿ ಬೇಯಿಸಿ. ವಾರಕ್ಕೊಮ್ಮೆ ಕಡಕ್ ರೊಟ್ಟಿ ಮಾಡಿಟ್ಟರೆ ದಿನಾ ಹಂಚು ಕಾಯಿಸುವ ಗ್ಯಾಸ್ ಉಳಿಯುತ್ತದೆ. ಕಣ್ಣಿ ಮಾರ್ಕೆಟ್‌ಗೆ ಕತ್ತಲಾದ ಮೇಲೆ ಹೋಗಿ, ಸೊಪ್ಪು ಅಗ್ಗ. ಪುಂಡಿ ಪಲ್ಯ, ಶೇಂಗಾ ಹಿಂಡಿ ಇದ್ದರೆ ನಮ್ಮ ಮನೆಯಲ್ಲಿ ಯಾರೂ ಬೇರೆ ಕೇಳೋದಿಲ್ಲ.

ಬೇಸಿಗೆಯ ಮೀಟರ್

ಗೃಹಜ್ಯೋತಿ ಅಂದರೆ ಎಲ್ಲರಿಗೂ 200 ಯೂನಿಟ್ ಫ್ರೀ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ನಿಮ್ಮ ಮನೆಯ 2022-23ನೇ ಸಾಲಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ಮಿತಿ ಕಟ್ಟಿರುತ್ತಾರೆ. ಮಿತಿ ದಾಟಿದ ಯೂನಿಟ್‌ಗೆ ದುಡ್ಡು ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ. ಸರಾಸರಿಯಲ್ಲಿ ಚಳಿಗಾಲವೂ ಸೇರಿರುತ್ತದೆ, ಆದ್ದರಿಂದ ಪೆಟ್ಟು ಬೀಳೋದು ಏಪ್ರಿಲ್, ಮೇನಲ್ಲೇ.

180 ವ್ಯಾಟ್ ಕೂಲರ್ ದಿನಕ್ಕೆ ಹತ್ತು ಗಂಟೆ ಓಡಿದರೆ 1.8 ಯೂನಿಟ್, ತಿಂಗಳಿಗೆ 54. ಬಿಲ್ ಬಂದ ದಿನ ಮೀಟರ್ ಅಂಕಿ ಬರೆದಿಡಿ, ಹದಿನೈದನೇ ದಿನ ಮತ್ತೆ ನೋಡಿ. ಅಷ್ಟರಲ್ಲಿ ಬಳಕೆ 100 ಯೂನಿಟ್ ಹತ್ತಿರ ಬಂದಿದ್ದರೆ ರಾತ್ರಿ ಎಲ್ಲರೂ ಒಂದೇ ಕೋಣೆಯಲ್ಲಿ, ಒಂದೇ ಕೂಲರ್ ಕೆಳಗೆ ಮಲಗಿ. ನಮ್ಮ ಮನೆಯಲ್ಲಿ ಇದಕ್ಕೆ ಮಗನ ತಕರಾರು ಇದೆ. ಅಜ್ಜ ಗೊರಕೆ ಹೊಡೆಯುತ್ತಾರಂತೆ.