ಪ್ರಾಕ್ಸಿ ಓಡುತ್ತಿತ್ತು, ವಿಎಂಗಳು ಮಾತ್ರ ನಾಪತ್ತೆ
ಬಳ್ಳಾರಿ ಆಫೀಸಿನ ವಿಎಂವೇರ್ ಸರ್ವರ್‌ಗಳನ್ನು ಬೆಂಗಳೂರಿನ ಝ್ಯಾಬಿಕ್ಸ್‌ನಿಂದ (ಸರ್ವರ್‌ಗಳ ಮೇಲೆ ಕಣ್ಣಿಡುವ ಸಾಫ್ಟ್‌ವೇರ್) ನೋಡಬೇಕಿತ್ತು, ಅದಕ್ಕೆ ಇಲ್ಲೇ ಒಂದು ಪ್ರಾಕ್ಸಿ ವಿಎಂ ಎಬ್ಬಿಸಿದೆ. ವಿಎಂ ಅಂದರೆ ಸರ್ವರ್ ಒಳಗೆ ಓಡುವ ವರ್ಚುವಲ್ ಯಂತ್ರ; ಪ್ರಾಕ್ಸಿ ಅಂದರೆ ಇಲ್ಲಿನ ಮಾಹಿತಿ ಕೂಡಿಸಿ ಬೆಂಗಳೂರಿಗೆ ಕಳಿಸುವ ಮಧ್ಯವರ್ತಿ. ಮೊದಲು ಹೆಸರಿನ ತಕರಾರು. ಕಾನ್ಫಿಗ್ ಫೈಲಿನ ಹೋಸ್ಟ್‌ನೇಮ್, ಝ್ಯಾಬಿಕ್ಸ್ ಸರ್ವರ್‌ನಲ್ಲಿ ಕೊಟ್ಟ ಪ್ರಾಕ್ಸಿ ಹೆಸರು ಎರಡೂ ಅಚ್ಚು ಹೊಡೆದಂತೆ ಒಂದೇ ಇರಬೇಕು. ನಾನು ಒಂದು ಕಡೆ ದೊಡ್ಡಕ್ಷರ ಹಾಕಿದ್ದೆ.

ಅದು ಸರಿಯಾದರೂ ಒಂದೂ ವಿಎಂ ಕಾಣಲಿಲ್ಲ. ಫೈರ್‌ವಾಲ್ ಮೇಲೆ ಅನುಮಾನ ಪಟ್ಟು, ವಿಎಂವೇರ್ ಸರ್ವರ್‌ಗಳನ್ನು ನಿಭಾಯಿಸುವ ವಿಸೆಂಟರ್‌ಗೆ 443 ಪೋರ್ಟ್ ತೆರೆದಿದೆಯಾ ಅಂತ ಮಧ್ಯಾಹ್ನವೆಲ್ಲ ಸುಮ್ನೆ ಒದ್ದಾಡಿದೆ, ಹೊರಗೆ ಬೇರೆ ಬಳ್ಳಾರಿ ಬಿಸಿಲು. ಕೊನೆಗೆ ನೋಡಿದರೆ ಸ್ಟಾರ್ಟ್‌ವಿಎಂವೇರ್‌ಕಲೆಕ್ಟರ್ಸ್ (ವಿಎಂವೇರ್ ಮಾಹಿತಿ ಕೂಡಿಸುವ ಪ್ರಕ್ರಿಯೆಗಳು ಎಷ್ಟು ಅನ್ನೋ ಸೆಟ್ಟಿಂಗ್) ಡಿಫಾಲ್ಟ್ ಆಗಿ 0! ಬೆಂಗಳೂರಿನ ಸರ್ವರ್‌ನಲ್ಲಿ ಬದಲಿಸಿದ್ದೆ, ಪ್ರಾಕ್ಸಿಯಲ್ಲಿ ಮರೆತಿದ್ದೆ. 2 ಮಾಡಿ ರೀಸ್ಟಾರ್ಟ್ ಕೊಟ್ಟೆ, ಡಿಸ್ಕವರಿ (ವಿಎಂಗಳ ಹುಡುಕಾಟ) ಒಂದು ಸುತ್ತು ಓಡಿದ ಮೇಲೆ ಪಟ್ಟಿ ತುಂಬಿತು.

ನಮ್ಮ ಲಿಂಕ್ ಆಗಾಗ ಬೀಳುತ್ತದೆ ಅಲ್ವಾ, ಹಾಗಾಗಿ ಪ್ರಾಕ್ಸಿಆಫ್‌ಲೈನ್‌ಬಫರ್ (ಸಂಪರ್ಕ ತಪ್ಪಿದಾಗ ಪ್ರಾಕ್ಸಿ ಮಾಹಿತಿಯನ್ನು ಎಷ್ಟು ಹೊತ್ತು ಇಟ್ಟುಕೊಳ್ಳಬೇಕು ಅನ್ನೋ ಸೆಟ್ಟಿಂಗ್) 1 ಗಂಟೆಯಿಂದ 24ಕ್ಕೆ ಏರಿಸಿದೆ.