ಫ್ರಿಜ್ ಜೊತೆ ಬಂದ ಥರ್ಮಾಕೋಲ್‌ನಲ್ಲಿ ಮಂಜರಾಬಾದ್ ಕೋಟೆ

ಸುಮಾರು ಒಂದು ಇಂಚು ಎತ್ತರದ ಸೈನಿಕರ ಗೊಂಬೆಗಳನ್ನು ಮೇಜಿನ ಮೇಲೆ ನಿಲ್ಲಿಸಿ, ಟೇಪಿನಲ್ಲಿ ಅಳೆದು ನಡೆಸಿ, ದಾಳ ಹಾಕಿ ಯುದ್ಧ ಆಡುವುದು ನನಗೆ ತುಂಬ ಇಷ್ಟ. ಗೊಂಬೆಗೇ ಜಾಸ್ತಿ ದುಡ್ಡು ಹೋಗುತ್ತದೆ. ಹಾಗಾಗಿ ಗುಡ್ಡ, ಮರ, ಗೋಡೆ ಎಲ್ಲ ಮನೆಯಲ್ಲೇ ಮಾಡಿಕೊಳ್ಳುತ್ತೇನೆ. ಸಕಲೇಶಪುರದಲ್ಲಿದ್ದು ಮಂಜರಾಬಾದ್ ಕೋಟೆ ಮಾಡದೆ ಇರೋದು ಹೇಗೆ ಅಲ್ವಾ?

ಟಿಪ್ಪು 1792ರಲ್ಲಿ ಕಟ್ಟಿಸಿದ, ಎಂಟು ಮೂಲೆಯ ನಕ್ಷತ್ರದ ಕೋಟೆ ಅದು. ಆಕಾರ ನೋಡಿ ಹೆದರಬೇಕಿಲ್ಲ. ರಟ್ಟಿನಲ್ಲಿ 40 ಸೆಂ.ಮೀ.ನ ಎರಡು ಚೌಕ ಕತ್ತರಿಸಿ, ಒಂದರ ಮೇಲೆ ಇನ್ನೊಂದನ್ನು 45 ಡಿಗ್ರಿ ತಿರುಗಿಸಿ ಇಟ್ಟು ಸುತ್ತ ಗೆರೆ ಎಳೆದೆ, ಎಂಟು ಮೂಲೆ ಬಂದೇಬಿಟ್ಟಿತು. ಮೂಲೆಯಿಂದ ಎದುರು ಮೂಲೆಗೆ ಸುಮಾರು 57 ಸೆಂ.ಮೀ. ಗೋಡೆಯ ಎತ್ತರ 9 ಸೆಂ.ಮೀ., ಅಂದರೆ 28 ಮಿ.ಮೀ. ಗೊಂಬೆಯ ಸುಮಾರು ಮೂರು ಆಳೆತ್ತರ.

ಯಾಕೆ ನಕ್ಷತ್ರ ಅನ್ನೋದು ಆಡುವಾಗ ಚೆನ್ನಾಗಿ ಗೊತ್ತಾಯಿತು. ನೇರ ಗೋಡೆಯ ಬುಡಕ್ಕೆ ಶತ್ರು ಬಂದು ಅಂಟಿಕೊಂಡರೆ ಮೇಲಿರುವವನು ಬಗ್ಗಿ ನೋಡಬೇಕು. ಇಲ್ಲಿ ಹಾಗಲ್ಲ, ಪಕ್ಕದ ಮೂಲೆಯಲ್ಲಿ ನಿಂತವನಿಗೆ ಆ ಗೋಡೆಯ ಉದ್ದಕ್ಕೂ ಕಾಣುತ್ತದೆ. ಎರಡು ಮೂಲೆ ನಡುವಿನ ಸಂದಿಗೆ ನುಗ್ಗಿದ ಗೆಳೆಯನ ಹನ್ನೆರಡು ಗೊಂಬೆಗೆ ಎರಡೂ ಕಡೆಯಿಂದ ಗುಂಡು ಬಿತ್ತು. ಗುಡ್ಡ ಹತ್ತಿ ಕೋಟೆ ಎಷ್ಟೋ ಸಲ ನೋಡಿದ್ದೆ, ಆದರೆ ಕಟ್ಟಿದವರ ಲೆಕ್ಕಾಚಾರ ಅವತ್ತು ಅರ್ಥವಾಯಿತು.

ಇನ್ನು ಕೆಲಸ. ಥರ್ಮಾಕೋಲ್‌ಗೆ ಯಾವತ್ತೂ ನೇರವಾಗಿ ಸ್ಪ್ರೇ ಪೇಂಟ್ ಹೊಡೆಯಬೇಡಿ. ನನ್ನ ಮೊದಲ ಗೋಡೆ ಕಣ್ಣೆದುರೇ ಕರಗಿ ಹೋಯಿತು, ಡಬ್ಬಿಯೊಳಗಿನ ಥಿನ್ನರ್ ಅದನ್ನು ತಿಂದುಹಾಕುತ್ತದೆ. ಚಪ್ಪಲಿ ಅಂಟಿಸುವ ಹಳದಿ ಗೋಂದೂ ಹಾಗೇ. ಫೆವಿಕಾಲ್ ಸಾಕು. ಕತ್ತರಿಸಿದ ಕಡೆ ಕಾಳು ಕಾಳು ಕಾಣುತ್ತದಲ್ಲ, ಅದಕ್ಕೆ ಫೆವಿಕಾಲ್ ನೀರಿನಲ್ಲಿ ಅದ್ದಿದ ಟಿಶ್ಯೂ ಪೇಪರ್ ಹೊದಿಸಿ, ಮೇಲೆ ತೆಳ್ಳಗೆ ವಾಲ್ ಪುಟ್ಟಿ ಸವರಿದೆ. ಪುಟ್ಟಿ ಅರ್ಧ ಒಣಗಿದಾಗ ಪೆನ್ಸಿಲ್‌ನಲ್ಲಿ ಕಲ್ಲಿನ ಸಂದು ಕೊರೆಯಬೇಕು. ಪೂರ್ತಿ ಒಣಗಲು ಬಿಟ್ಟರೆ ಒಡೆಯುತ್ತದೆ. ಆಮೇಲೆ ಕಪ್ಪು ಬಳಿದು, ಬ್ರಷ್‌ಗೆ ಬೂದು ಬಣ್ಣ ತಾಗಿಸಿ, ಬಟ್ಟೆಯಲ್ಲಿ ಒರೆಸಿ, ಉಳಿದ ಚೂರು ಬಣ್ಣವನ್ನು ಮೇಲೆ ಮೇಲೆ ಉಜ್ಜಿದರೆ ಕಲ್ಲಿನ ಅಂಚು ಎದ್ದು ಕಾಣುತ್ತದೆ. ಬುಡಕ್ಕೆ ನೀರು ನೀರಾದ ಹಸಿರು ಹಚ್ಚಿ, ಪಾಚಿ ಇಲ್ಲದೆ ಮಲೆನಾಡಿನ ಗೋಡೆ ಅನಿಸುವುದೇ ಇಲ್ಲ.

ಮಣ್ಣಿಗೆ ಫಿಲ್ಟರ್ ಕಾಫಿಯ ಚರಟ. ನಮ್ಮ ಮನೆಯಲ್ಲಿ ಅದಕ್ಕೇನು ಕೊರತೆ! ಬಣ್ಣವಂತೂ ತೋಟದ ಮಣ್ಣಿನದೇ. ಆದರೆ ಜೂನ್‌ನಲ್ಲಿ ಎರಡು ದಿನ ನೆರಳಲ್ಲಿಟ್ಟು ಒಣಗಿತು ಅಂದುಕೊಂಡು ಅಂಟಿಸಿದ್ದೆ, ವಾರದೊಳಗೆ ಗುಡ್ಡಕ್ಕೆಲ್ಲ ಬಿಳಿ ಬೂಸ್ಟು. ಅಮ್ಮ ನೋಡಿ, "ಹಸೀದು ಅಂಟಿಸಿದ್ರೆ ಬೂಸ್ಟು ಬರದೆ ಇರುತ್ತೇನೋ? ರವೆ ಹುರಿದ ಹಾಗೆ ಹುರ್ಕೋ" ಎಂದರು. ಎಲ್ಲ ಕೆರೆದು ತೆಗೆದು ಮತ್ತೆ ಮಾಡಿದೆ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ಬೆರಳ ಸಂದಿಯಲ್ಲಿ ಸುಮ್ನೆ ಉದುರುವ ತನಕ ಹುರಿದು, ಆರಿಸಿ, ಅಂಟಿಸಿ, ಮೇಲೆ ಮತ್ತೊಮ್ಮೆ ಫೆವಿಕಾಲ್ ನೀರು ಹಾಕಿದೆ. ಈ ಮಳೆಗಾಲದಲ್ಲಿ ಇನ್ನೂ ಏನೂ ಬಂದಿಲ್ಲ.

ಮರಗಳಿಗೆ ಹಳೇ ಕರೆಂಟ್ ವೈರಿನ ತಾಮ್ರದ ಎಳೆ ಹೊಸೆದು, ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ಹರಿದು ಸಿಕ್ಕಿಸಿದೆ. ಹುಲ್ಲಿಗೆ ಬಣ್ಣ ಹಾಕಿದ ಮರದ ಹೊಟ್ಟು.

ಕೋಟೆ ನಡುವಿನ ಕೊಳ ಮಾತ್ರ ಬಾಕಿ. ನೀರಿನ ಹಾಗೆ ಕಾಣಲು ಫೆವಿಕಾಲನ್ನೇ ತೆಳ್ಳಗೆ ಪದರ ಪದರವಾಗಿ ಹಾಕುತ್ತಿದ್ದೇನೆ, ದಪ್ಪ ಹಾಕಿದರೆ ಒಳಗೆ ಬಿಳಿಯಾಗೇ ಉಳಿಯುತ್ತದೆ. ಮೊನ್ನೆ ಹಾಕಿದ ಮೂರನೇ ಪದರ ಈ ಥಂಡಿಗೆ ಇನ್ನೂ ಒಣಗಿಲ್ಲ.