ಒಂದೇ ರಂಧ್ರದಲ್ಲಿ ನಾಲ್ಕು ಆಂಕರ್: ನನ್ನ ಅನುಭವ

ನೆಲಕ್ಕೆ ರಂಧ್ರ ಕೊರೆದು, ಉಕ್ಕಿನ ಹಗ್ಗ ಇಳಿಸಿ, ತಳಭಾಗವನ್ನು ಗ್ರೌಟ್‌ನಿಂದ (ಸಿಮೆಂಟ್ ಪಾಕ) ಹಿಡಿಸಿ ಎಳೆದು ಬಿಗಿಯುವುದೇ ಆಂಕರ್. ಗ್ರೌಟ್ ನೆಲವನ್ನು ಹಿಡಿಯುವ ಭಾಗ ಬಂಧ ಉದ್ದ. ಹನ್ನೆರಡು ಮೀಟರ್ ಬಂಧ ಉದ್ದ ಕೊಟ್ಟರೂ ಆಂಕರ್ ಜಾರುತ್ತಿದೆ ಎಂದಾಗ ಎಲ್ಲರ ಸಲಹೆ ಒಂದೇ: ಇನ್ನೂ ಆಳಕ್ಕೆ ಕೊರೆಯಿರಿ. ಭಾರವನ್ನು ಇಡೀ ಉದ್ದದ ಮೇಲ್ಮೈಗೆ ಸಮನಾಗಿ ಹಂಚಿ ಸರಾಸರಿ ಕತ್ತರಿ ಒತ್ತಡ (ಗ್ರೌಟನ್ನು ನೆಲದಿಂದ ಜಾರಿಸುವ ಒತ್ತಡ) ಬರೆದುಕೊಂಡು ನೆಮ್ಮದಿಯಾಗಿರುವವರಿಗೆ ಬೇರೆ ದಾರಿ ಹೊಳೆಯುವುದೂ ಇಲ್ಲ. ನೆಲದ ಆಂಕರ್‌ಗಳ ಬ್ರಿಟಿಷ್ ಮಾನದಂಡವಾದ ಬಿಎಸ್ 8081ರ 1989ರ ಆವೃತ್ತಿಯೇ ಬಂಧ ಉದ್ದ 10 ಮೀಟರ್ ಮೀರಬೇಡಿ ಎಂದಿತ್ತು. ಒಂದೇ ರಂಧ್ರದಲ್ಲಿ ನಾಲ್ಕು ಗಿಡ್ಡ ಆಂಕರ್‌ಗಳನ್ನು ಒಂದರ ಹಿಂದೊಂದು ಕೂರಿಸುತ್ತೇನೆ ಎಂದಾಗ ಗುತ್ತಿಗೆದಾರರೂ ಪರಿಶೀಲಕರೂ ಮೂಗು ಮುರಿದರು. ಉಪಾಯ ನನ್ನದಲ್ಲ, ಹಳೆಯದೇ. ಹಟ ಮಾತ್ರ ನನ್ನದು.

ಬಾಯಿ ಮುಚ್ಚಿಸಲು ಅಂಕಿ ಬೇಕಿತ್ತು. ಗಟ್ಟಿ ಜೇಡಿಮಣ್ಣಿನಲ್ಲಿ ಪರೀಕ್ಷಾ ಆಂಕರ್ ಹಾಕಿ, ಅದರ ಉಕ್ಕಿನ ಹಗ್ಗಗಳಾದ ಸ್ಟ್ರ್ಯಾಂಡ್‌ಗಳಿಗೆ ಹಿಗ್ಗುವಿಕೆ ಅಳೆಯುವ ಸ್ಟ್ರೈನ್ ಗೇಜ್ ಅಂಟಿಸಿದೆವು. ಗ್ರೌಟ್ ಇಳಿಸಿದ ರಾತ್ರಿಯೇ ಅರ್ಧದಷ್ಟು ಗೇಜ್‌ಗಳು ಸತ್ತವು. ಉಳಿದವುಗಳಲ್ಲಿ ಕೆಲವು, ಗ್ರೌಟ್ ಬಿರಿದಲ್ಲೆಲ್ಲ ನೆಗೆದು ಸುಳ್ಳು ಹೇಳಿದವು. ಗೇಜ್‌ಗಳಿಗೆ ಸುರಿದ ಹಣದಲ್ಲಿ ಇನ್ನೆರಡು ರಂಧ್ರ ಕೊರೆಯಬಹುದಿತ್ತು ಎಂಬ ಗೊಣಗಾಟ ತಪ್ಪಲಿಲ್ಲ. ಮುಂದಿನ ಸುತ್ತಿನಲ್ಲಿ ಬಹುತೇಕ ಎಲ್ಲವೂ ಬದುಕಿದವು. ತೇವ ನುಗ್ಗದಂತೆ ಮುಚ್ಚಿದ ಬಗೆಯನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಕಂಡದ್ದು ಇಷ್ಟು. ಕಡಿಮೆ ಭಾರದಲ್ಲಿ ಬಂಧದ ಮೇಲ್ತುದಿಯ ಎರಡು ಮೂರು ಮೀಟರ್ ಮಾತ್ರ ದುಡಿಯುತ್ತದೆ, ಕೆಳತುದಿಗೆ ಸುದ್ದಿಯೇ ಮುಟ್ಟಿರುವುದಿಲ್ಲ. ಭಾರ ಏರಿಸಿದಂತೆ ಮೇಲ್ಭಾಗ ಜಾರಿ, ಒತ್ತಡದ ಶಿಖರ ಕೆಳಕ್ಕೆ ಸರಿಯುತ್ತದೆ. ಹಗ್ಗಜಗ್ಗಾಟದಲ್ಲಿ ಮುಂದಿನವನ ಕೈ ಸೋತ ಮೇಲೆ ಹಿಂದಿನವನಿಗೆ ಎಳೆತ ತಾಗಿದ ಹಾಗೆ. ಎಲ್ಲರೂ ಒಟ್ಟಿಗೆ ಎಳೆಯುವ ಗಳಿಗೆ ಬರುವುದೇ ಇಲ್ಲ. 6 ಮೀಟರಿನದು ಸುಮಾರು 400 ಕಿಲೋನ್ಯೂಟನ್‌ಗೆ ಜಾರಿದರೆ, 12 ಮೀಟರಿನದು 540ರ ಆಸುಪಾಸಿನಲ್ಲಿ ಸೋತಿತು. ಎರಡು ಪಟ್ಟು ಉದ್ದಕ್ಕೆ ಮೂರನೇ ಒಂದು ಪಾಲು ಲಾಭ.

ಅದೇ 12 ಮೀಟರನ್ನು 3 ಮೀಟರಿನ ನಾಲ್ಕು ತುಂಡು ಮಾಡಿ, ತುಂಡಿಗೆ ಎರಡರಂತೆ 15.2 ಮಿ.ಮೀ. ಸ್ಟ್ರ್ಯಾಂಡ್ ಕೊಟ್ಟೆ. ಬಂಧದ ಮೇಲೆ ಗ್ರೌಟ್‌ಗೆ ಅಂಟದೆ ಹಿಗ್ಗುವ ಮುಕ್ತ ಉದ್ದಗಳು ಬೇರೆ ಬೇರೆಯಾದ್ದರಿಂದ ಒಂದೇ ಜ್ಯಾಕ್‌ನಲ್ಲಿ ಎಳೆದರೆ ಗಿಡ್ಡ ಸ್ಟ್ರ್ಯಾಂಡ್ ಹೆಚ್ಚು ಭಾರ ಹೊತ್ತು ಮೊದಲು ಸಾಯುತ್ತದೆ. ಒಂದೇ ಪಂಪ್‌ಗೆ ನಾಲ್ಕು ಜ್ಯಾಕ್ ಜೋಡಿಸಿದೆವು: ಭಾರ ಸಮ, ಹಿಗ್ಗುವಿಕೆ ಮೇಲಿನದಕ್ಕೆ ಸುಮಾರು 50 ಮಿ.ಮೀ., ಕೆಳಗಿನದಕ್ಕೆ 95. ಒಟ್ಟು 1,100 ಕಿಲೋನ್ಯೂಟನ್ ತಲುಪಿದ ಮೇಲೆ ಮೂಗು ಮುರಿದವರು ಭಾರ ಅಳೆಯುವ ಲೋಡ್ ಸೆಲ್ಲನ್ನೇ ಅನುಮಾನಿಸಿದರು. ಬದಲಿಸಿ ತೋರಿಸಿದೆ. ರಂಧ್ರಗಳ ಸಂಖ್ಯೆ ಅರ್ಧಕ್ಕಿಳಿಯಿತು. ಅದರಿಂದ ಉಳಿತಾಯವಾದ ಹಣದ ಕಾಲುಭಾಗವನ್ನು ಜ್ಯಾಕ್‌ಗಳೂ ಎಳೆಯುವ ಸಮಯವೂ ತಿಂದವು.

ಕುತೂಹಲಕ್ಕೆ ಬಂಡೆಯಲ್ಲೂ ಇದೇ ಗೇಜ್‌ಗಳನ್ನು ಇಳಿಸಿದ್ದೆ. ಶಿಥಿಲವಾದ ಮೆತ್ತನೆಯ ಬಂಡೆಯಲ್ಲಿ ಒತ್ತಡ ಸಾಕಷ್ಟು ಹರಡಿತು. ಗಟ್ಟಿ ಗ್ರಾನೈಟ್‌ನಲ್ಲಿ ಮೊದಲ ಒಂದೂವರೆ ಮೀಟರೇ ಬಹುಪಾಲು ಭಾರ ನುಂಗಿತು, ಆಳದ ಗೇಜ್‌ಗಳು ಅಲುಗಲೇ ಇಲ್ಲ. ಗ್ರೌಟ್‌ಗಿಂತ ಸುತ್ತಲಿನ ನೆಲ ಎಷ್ಟು ಬಿರುಸೋ, ಶಿಖರ ಅಷ್ಟು ಚೂಪು. ಆದರೆ ಅಲ್ಲಿ ಬಂಧಕ್ಕೂ ಮೊದಲು ಸ್ಟ್ರ್ಯಾಂಡೇ ಮಿತಿ ಮುಟ್ಟುವುದರಿಂದ ನಾಲ್ಕು ತುಂಡಿನ ಖರ್ಚು ದಂಡ. ಗಟ್ಟಿ ಬಂಡೆಯಲ್ಲಿ ನಾನು ಈಗಲೂ ಒಂದೇ ಆಂಕರ್ ಹಾಕುತ್ತೇನೆ.